ಕನ್ನಡ ಕಡತಗಳ ಸೂಚಿ: ಎಡವುವುದು ಮೊದಲ ಮೆಟ್ಟಿಲಲ್ಲೇ

ಹುಡುಕಿದ ಕಡತ ಸಿಗದಿದ್ದಾಗ ಎಲ್ಲರ ಅನುಮಾನವೂ ಕಡತಗಳಿಗೆ ಅಂಕ ಕೊಟ್ಟು ಸಾಲಾಗಿ ನಿಲ್ಲಿಸುವ ಸೂತ್ರದ ಮೇಲೆ. ಕನ್ನಡದ ಮಟ್ಟಿಗೆ ಎಡವಟ್ಟು ಅದಕ್ಕೂ ಮೊದಲೇ, ಸೂಚಿಗಾಗಿ (ಯಾವ ಪದ ಯಾವ ಕಡತದಲ್ಲಿದೆ ಎಂಬ ಪಟ್ಟಿ) ಪಠ್ಯವನ್ನು ಪದಗಳಾಗಿ ಒಡೆಯುವಾಗಲೇ ಆಗಿರುತ್ತದೆ.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ, ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು’ (\w, ಅಂದರೆ ಪದದಲ್ಲಿ ಬರುವ ಅಕ್ಷರ) ಬಳಸಿ ನೋಡಿ. ಸ್ವರಚಿಹ್ನೆ, ಹಲಂತಗಳನ್ನು ಅದು ಅಕ್ಷರವೆಂದು ಒಪ್ಪುವುದೇ ಇಲ್ಲ. ‘ಕನ್ನಡ’ ಎಂಬುದು ‘ಕನ’, ‘ನಡ’ ಎಂದು ಎರಡು ತುಂಡಾಗಿ ಸೂಚಿ ಸೇರುತ್ತದೆ. ಕನ್ನಡದ ಯೂನಿಕೋಡ್ ವಿಭಾಗದ 128 ಸ್ಥಾನಗಳನ್ನೂ ಪದದ ಭಾಗವೆಂದೇ ಹೇಳಿಕೊಡಬೇಕು.

ಒಡೆಯುವ ಮುನ್ನ ಶುದ್ಧಿ. ‘ೊ’ ಒಂದೇ ಸಂಕೇತವಾಗಿಯೂ ಬರಬಹುದು, ‘ೆ’ ಮತ್ತು ‘ೂ’ ಜೋಡಿಯಾಗಿಯೂ ಬರಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿಯನ್ನು ಒಂದೇ ಸಂಕೇತವಾಗಿಸುವ ಯೂನಿಕೋಡ್ ಪದ್ಧತಿ) ತಂದರೆ ಇದು ಸರಿಹೋಗುತ್ತದೆ. ‘ಸಾಫ್ಟ್‌ವೇರ್’ ನಡುವೆ, ‘ವ’ ಒತ್ತಕ್ಷರವಾಗದಂತೆ ತಡೆಯಲು ಅಡಗಿರುವ ಕಾಣದ ಸಂಕೇತವನ್ನೂ ತೆಗೆಯಿರಿ, ಆದರೆ ಸೂಚಿಯಲ್ಲಿ ಮಾತ್ರ. ತೆರೆಯ ಮೇಲೆ ತೋರಿಸುವ ಪಠ್ಯ ಇದ್ದಂತೆಯೇ ಇರಲಿ. ಇನ್ನೊಂದು ಕಿರಿಕಿರಿ: ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತಿರುತ್ತಾರೆ. ಅಕ್ಷರದ ಬೆನ್ನಿಗೆ ಬಂದ ‘೦’ ಅನ್ನು ಮೊದಲು ಅನುಸ್ವಾರ ಮಾಡಿ, ಆಮೇಲೆ ಕನ್ನಡ ಅಂಕಿಗಳನ್ನು 0–9ಕ್ಕೆ ಬದಲಿಸಿ. ಈ ಕ್ರಮ ತಿರುಗಿದರೆ ‘ಬಂತು’ ಹೋಗಿ ‘ಬ0ತು’ ಆಗುತ್ತದೆ.

ಮುಂದಿನದು ಪ್ರತ್ಯಯ. ‘ಮನೆಗೆ’, ‘ಮನೆಯಲ್ಲಿ’, ‘ಮನೆಗಳಿಂದ’ ಮೂರೂ ‘ಮನೆ’ಗೆ ಬರಬೇಕು. ಉದ್ದದ ಪ್ರತ್ಯಯವನ್ನು ಮೊದಲು ಕಳಚಿ. ಕನಿಷ್ಠ ಎರಡು ಅಕ್ಷರ ಉಳಿಯದಿದ್ದರೆ ಕೈಹಾಕಬೇಡಿ. ‘ಮಲ್ಲಿಗೆ’ ‘ಮಲ್ಲಿ’ಯಾದೀತು ಎಂಬ ಗಾಬರಿ ಅಷ್ಟಾಗಿ ಬೇಡ. ಉಳಿದದ್ದು ನಿಘಂಟಿನ ಪದವೇ ಆಗಬೇಕಿಲ್ಲ. ಕಡತಕ್ಕೂ ಹುಡುಕುವ ಪದಕ್ಕೂ ಒಂದೇ ಕತ್ತರಿ ಬಿದ್ದರೆ ಸಾಕು. ಬೆರೆತುಹೋಗುವ ಕೆಲವು ಪದಗಳನ್ನು ವಿನಾಯಿತಿ ಪಟ್ಟಿಗೆ ಸೇರಿಸಿ. ‘ಮನೆಯಲ್ಲಿದ್ದವರಿಗೆಲ್ಲ’ ತರಹದ ಸಂಧಿಗಳಿಗೆ ಮಾತ್ರ ಪ್ರತ್ಯಯ ಪಟ್ಟಿ ಸಾಲದು. ಮೂರು ಮೂರು ಅಕ್ಷರದ ತುಣುಕುಗಳ ಇನ್ನೊಂದು ಸೂಚಿಯನ್ನು ಪಕ್ಕದಲ್ಲಿಟ್ಟು, ಅದಕ್ಕೆ ಕಡಿಮೆ ತೂಕ ಕೊಡಿ.

ಇಷ್ಟಾದ ಮೇಲೆ ತೂಕದ ಲೆಕ್ಕ ಸಲೀಸು. ಗಣಕ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಮಂಡಿಸಿದ ತತ್ವವೇ ಇಂದಿಗೂ ಆಧಾರ: ಅಪರೂಪದ ಪದಕ್ಕೆ ಹೆಚ್ಚು ತೂಕ. ಒಟ್ಟು ಕಡತಗಳನ್ನು ಪದವಿರುವ ಕಡತಗಳಿಂದ ಭಾಗಿಸಿ ಹತ್ತರ ಲಾಗರಿದಮ್ ತೆಗೆದರೆ, 10,000 ಕಡತಗಳಲ್ಲಿ 10ರಲ್ಲಷ್ಟೇ ಇರುವ ಪದಕ್ಕೆ 3. 9,000ದಲ್ಲಿರುವ ‘ಮತ್ತು’ವಿಗೆ ಸುಮಾರು 0.05. ಇದೇ ತತ್ವದ ಮೇಲೆ ನಿಂತ ಅಂಕಸೂತ್ರ ಬಿಎಂ25 ಬಳಸುವವರು ಪದದ ಪುನರಾವರ್ತನೆಯ ಪ್ರಭಾವ ಹೊಂದಿಸುವ ಕೆ1 ಅನ್ನು 1.2, ಕಡತದ ಉದ್ದದ ಪ್ರಭಾವ ಹೊಂದಿಸುವ ಬಿ ಅನ್ನು 0.75 ಇಟ್ಟುಕೊಂಡು ಶುರುಮಾಡಬಹುದು.

ಶುದ್ಧಿಯ ಒಂದು ನಿಯಮ ಬದಲಾದರೂ ಇಡೀ ಸೂಚಿಯನ್ನು ಮತ್ತೆ ಕಟ್ಟಬೇಕು. ಹೊಸ ಕಡತಗಳಿಗಷ್ಟೇ ಹೊಸ ನಿಯಮ ಹಾಕಿದರೆ ಹಳೆಯವು ಯಾವ ದೋಷವನ್ನೂ ತೋರಿಸದೆ ಫಲಿತಾಂಶದಿಂದ ಮಾಯವಾಗುತ್ತವೆ.