ಮೂರನೇ ಸಲದ ಕಲೇಜಿಯಾನ್
ಮಂಗಳವಾರ, 17 ಜೂನ್ 2025

ನನ್ನ ಪೆಥಾಲಜಿ ಲ್ಯಾಬಿಗೆ ತುಣುಕಿನ ಜೊತೆ ಬಂದ ರಿಕ್ವೆಸ್ಟ್ ಫಾರ್ಮಿನಲ್ಲಿ ಇದ್ದದ್ದು ‘ಕಲೇಜಿಯಾನ್, ಮೇಲ್ರೆಪ್ಪೆ’ ಅಷ್ಟೇ. ಅಂದರೆ ರೆಪ್ಪೆಯ ಎಣ್ಣೆಗ್ರಂಥಿ ಕಟ್ಟಿಕೊಂಡು ಆಗುವ, ಕ್ಯಾನ್ಸರ್ ಅಲ್ಲದ ಗಂಟು. ರೋಗಿಯ ವಯಸ್ಸು ಅರವತ್ತು ದಾಟಿದೆ. ಸ್ಲೈಡ್ ನೋಡಿದ ಮೇಲೆ ಸರ್ಜನ್‌ಗೆ ಫೋನ್ ಹಚ್ಚಿದೆ.

“ಡಾಕ್ಟ್ರೇ, ಇದು ಎಷ್ಟನೇ ಸಲ?”
“ಮೂರನೇದು ಮೇಡಂ. ಹಿಂದಿನೆರಡು ಬೇರೆ ಕಡೆ ಕೆರೆಸಿದ್ದಂತೆ.”
“ಆಗಿನ ತುಣುಕು?”
“ಕಳಿಸಿರಲಿಕ್ಕಿಲ್ಲ.”
“ರೆಪ್ಪೆಗೂದಲು?”
“ಅಲ್ಲಿ ಉದುರಿದೆ.”

ಮತ್ತೆ ಮತ್ತೆ ಬರುವುದು, ಕೂದಲು ಉದುರುವುದು ಎರಡೂ ಕ್ಯಾನ್ಸರಿನ ಅನುಮಾನ ಹುಟ್ಟಿಸಬೇಕಾದವು. ಇಷ್ಟನ್ನು ಫಾರ್ಮಿನಲ್ಲೇ ಬರೆದಿದ್ದರೆ! ಕಲೇಜಿಯಾನ್ ಆಗಿದ್ದರೆ ಕೊಬ್ಬಿನ ಖಾಲಿ ಜಾಗಗಳ ಸುತ್ತ ಗ್ರ್ಯಾನ್ಯುಲೋಮಾ (ಉರಿಯೂತದ ಕೋಶಗಳ ಗುಂಪು) ಕಾಣಬೇಕಿತ್ತು. ಇಲ್ಲಿರುವುದು ಜೀವಕೋಶಗಳ ಗುಂಪುಗಳು, ಕೆಲವದರ ನಡುಭಾಗ ಸತ್ತಿದೆ, ಮೈಟೋಸಿಸ್ (ಕೋಶ ವಿಭಜನೆ) ಹೇರಳ. ಸೈಟೋಪ್ಲಾಸಂ ತುಂಬ ಕೊಬ್ಬಿನ ಸಣ್ಣ ಗುಳ್ಳೆಗಳು. ಅವು ಒತ್ತಿ ನ್ಯೂಕ್ಲಿಯಸ್ಸಿನ ಅಂಚು ತಗ್ಗುತಗ್ಗಾಗಿದೆ. ಸೆಬೇಶಿಯಸ್ ಕಾರ್ಸಿನೋಮಾ, ಅಂದರೆ ಎಣ್ಣೆಗ್ರಂಥಿಯ ಕ್ಯಾನ್ಸರ್. ಪಾಶ್ಚಾತ್ಯ ಪುಸ್ತಕಗಳಲ್ಲಿ ರೆಪ್ಪೆ ಕ್ಯಾನ್ಸರ್ ಎಂದರೆ ಹೆಚ್ಚುಕಡಿಮೆ ಬೇಸಲ್ ಸೆಲ್ ಎಂಬ ಚರ್ಮದ ಕ್ಯಾನ್ಸರೇ. ನಮ್ಮ ದೇಶದಲ್ಲಿ ಇದೂ ಅದಕ್ಕೆ ಸರಿಸಾಟಿಯಾಗಿ ಬರುತ್ತದೆ, ಅದರಲ್ಲೂ ಮೈಬೋಮಿಯನ್ ಗ್ರಂಥಿ (ರೆಪ್ಪೆಯ ಎಣ್ಣೆಗ್ರಂಥಿ) ಹೆಚ್ಚಿರುವ ಮೇಲ್ರೆಪ್ಪೆಯಲ್ಲಿ.

ಗುಳ್ಳೆ ಕಡಿಮೆ ಇದ್ದಾಗ ಕಷ್ಟ. ಆಗ ಬೇಸಲ್ ಸೆಲ್ ಅಥವಾ ಸ್ಕ್ವಾಮಸ್ (ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್) ಎಂದು ಸುಲಭವಾಗಿ ತಪ್ಪಿ ಹೋಗುತ್ತದೆ. ಕೊಬ್ಬಿಗೆ ಬಣ್ಣ ಹಿಡಿಸುವ ಆಯಿಲ್ ರೆಡ್ ಓ ಹಾಕೋಣವೆಂದರೆ ಫ್ರೋಜನ್ ಸೆಕ್ಷನ್ (ಹೆಪ್ಪುಗಟ್ಟಿಸಿ ಕತ್ತರಿಸಿದ ಪದರ) ಬೇಕು; ತುಣುಕನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುವಾಗ ಆಲ್ಕೋಹಾಲ್, ಜೈಲೀನ್ ಸೇರಿ ಕೊಬ್ಬನ್ನೆಲ್ಲ ಕರಗಿಸಿರುತ್ತವೆ. ಬ್ಲಾಕಿನ ಮೇಲೆ ನಡೆಯುವುದು ಅಡಿಪೋಫಿಲಿನ್, ಕೊಬ್ಬಿನ ಗುಳ್ಳೆಯ ಸುತ್ತಲಿನ ಪ್ರೋಟೀನನ್ನು ಬಣ್ಣದಿಂದ ತೋರಿಸುವ ಪರೀಕ್ಷೆ. ಅದನ್ನೂ ಓದಲು ಬರಬೇಕು: ಗುಳ್ಳೆಯ ಸುತ್ತ ಬಳೆಯಂತೆ ಬಣ್ಣ ಹಿಡಿದಿದ್ದರೆ ಮಾತ್ರ ಲೆಕ್ಕ. ಪುಡಿಪುಡಿ ಕಂದು ಬೇರೆ ಗಡ್ಡೆಗಳಲ್ಲೂ ಬರುತ್ತದೆ. ಜೊತೆಗೆ ಬೆರ್-ಇಪಿ4 ಎಂಬ ಇನ್ನೊಂದು ಬಣ್ಣದ ಪರೀಕ್ಷೆ ಹಾಕಬೇಕು, ಬೇಸಲ್ ಸೆಲ್‌ನಲ್ಲಿ ಅದು ಚೆನ್ನಾಗಿ ಹಿಡಿಯುತ್ತದೆ, ಇದರಲ್ಲಿ ಸಾಮಾನ್ಯವಾಗಿ ಇಲ್ಲ.

ಊಟ ತಣ್ಣಗಾಗಿದೆ. ಇರಲಿ.

ನನಗೆ ಅಳುಕಿರುವುದು ಕಂಜಂಕ್ಟೈವಾದ್ದು, ಅಂದರೆ ಕಣ್ಣಿನ ಬಿಳಿಭಾಗವನ್ನೂ ರೆಪ್ಪೆಯ ಒಳಮೈಯನ್ನೂ ಮುಚ್ಚುವ ತೆಳು ಪೊರೆಯದ್ದು. ಈ ಕೋಶಗಳು ಮೇಲ್ಪದರದೊಳಗೆ ಒಂಟೊಂಟಿಯಾಗಿ ನುಸುಳುತ್ತವೆ, ನಡುವೆ ಜಾಗ ಬಿಟ್ಟು ಮತ್ತೆ ಕಾಣಿಸಿಕೊಳ್ಳುತ್ತವೆ. ಹಾಗಾಗಿ ಕತ್ತರಿಸಿದ ಅಂಚು ಶುದ್ಧ ಎಂದು ಬರೆದರೂ ನೆಮ್ಮದಿಯಿಲ್ಲ. ಮ್ಯಾಪ್ ಬಯಾಪ್ಸಿ (ಪೊರೆಯ ಹಲವು ಜಾಗಗಳಿಂದ ಸಣ್ಣ ತುಣುಕು) ಕೇಳಿದ್ದೇನೆ: ಪ್ರತಿ ಜಾಗಕ್ಕೂ ಬೇರೆ ಡಬ್ಬಿ, ಡಬ್ಬಿಯ ಮೇಲೆ ಜಾಗದ ಹೆಸರು, ತುಣುಕನ್ನು ಕಾಗದದ ಮೇಲೆ ಹರಡಿ ಆಮೇಲೆ ಫಾರ್ಮಲಿನ್‌ಗೆ. ನೇರ ಹಾಕಿದರೆ ಸುರುಳಿಯಾಗಿ ಮೇಲ್ಪದರ ಓರೆಗೆ ಕತ್ತರಿಸಿಹೋಗುತ್ತದೆ, ಆಮೇಲೆ ಯಾರೂ ಏನೂ ಹೇಳಲಾಗದು.

ಮನೆತನದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಇದೆಯಾ ಎಂದು ಕೇಳುವುದು ಮರೆತೇಹೋಯ್ತು. ಎಣ್ಣೆಗ್ರಂಥಿಯ ಗಡ್ಡೆಯೂ ಕರುಳಿನಂಥ ಕಡೆಯ ಕ್ಯಾನ್ಸರೂ ಒಟ್ಟಿಗೆ ಬರುವ ಆನುವಂಶಿಕ ಕಾಯಿಲೆ ಮುಯಿರ್-ಟೋರ್. ಅದು ರೆಪ್ಪೆಯ ಗಡ್ಡೆಗಳಲ್ಲಿ ಅಪರೂಪ, ಆದರೂ ಎಂಎಸ್‌ಎಚ್2, ಎಂಎಲ್‌ಎಚ್1 ಎಂಬ ಪ್ರೋಟೀನ್‌ಗಳ ಪರೀಕ್ಷೆ ಹಾಕಿಸಿ ನೋಡಬೇಕು. ಎಂಎಸ್‌ಎಚ್2 ಇಲ್ಲ ಎಂದಾದರೆ ರೋಗಿಯ ಮಕ್ಕಳಿಗೂ ಕೊಲೊನೋಸ್ಕೋಪಿ ವಿಚಾರ ಎತ್ತಬೇಕಾಗುತ್ತದೆ, ಅದನ್ನು ಹೇಳುವವರು ಯಾರು, ನಾನೋ ಸರ್ಜನ್ನೋ…