650 ಪದಗಳಲ್ಲಿ ನಮ್ಮ ಹುಡುಗಿ

ಅಣ್ಣನ ಮಗಳು ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಜಾಲತಾಣ ಕಾಮನ್ ಆ್ಯಪ್. ಅದರ ಪ್ರಬಂಧಕ್ಕೆ ಮಿತಿ 650 ಪದ. ಮೊನ್ನೆ ಎರಡು ಪ್ರತಿ ಕಳಿಸಿ, "ಅತ್ತೆ, ಯಾವುದು ಚೆನ್ನಾಗಿದೆ?" ಅಂದಳು. ಚಾಟ್‌ಜಿಪಿಟಿ ಬರೆದುಕೊಟ್ಟದ್ದರಲ್ಲಿ ನಮ್ಮಮ್ಮ, ಅಂದರೆ ಅವಳ ಅಜ್ಜಿ, ಬರೀ "ಛಲದ ಪ್ರತೀಕ". ಅವಳೇ ಬರೆದದ್ದರಲ್ಲಿ ಅಜ್ಜಿ ಡಯಾಲಿಸಿಸ್ ಮುಗಿಸಿ ಬಂದು, ಬಸ್ ಟಿಕೆಟ್ಟಿನ ಹಿಂದೆ ಹಾಲಿನ ಲೆಕ್ಕ ಬರೆಯುತ್ತಾರೆ. ಆ ಟಿಕೆಟ್ಟನ್ನು ನೋಡಿದವಳು ಇವಳೊಬ್ಬಳೇ.

ಎಐ ಬರೆದದ್ದನ್ನು ತನ್ನದೆಂದು ಕೊಡುವುದನ್ನು ಕಾಮನ್ ಆ್ಯಪ್ 2023ರಲ್ಲೇ ವಂಚನೆಯ ಪಟ್ಟಿಗೆ ಸೇರಿಸಿದೆ. ನಿಯಮ ಇಲ್ಲದಿದ್ದರೂ ನನ್ನ ಲೆಕ್ಕದಲ್ಲಿ ಅದು ಸುಳ್ಳೇ. ದುಡ್ಡಿದ್ದವರು ಸಲಹೆಗಾರರಿಂದ ಬರೆಸುತ್ತಾರಲ್ಲ ಅಂತ ಅಣ್ಣ ವಾದಿಸಿದ. ಅದೂ ತಪ್ಪೇ ಅಂದೆ. ಸ್ಪೆಲಿಂಗ್ ತಿದ್ದಿಸಿಕೊಳ್ಳಲಿ, ತಕರಾರಿಲ್ಲ. ಹುಡುಗಿ ತನ್ನದನ್ನೇ ಕಳಿಸುತ್ತಾಳಂತೆ. ಇನ್ನೂ ನಲವತ್ತು ಪದ ಕಡಿಮೆ ಮಾಡಬೇಕು.