ಜುಲೈ 13, 2025, ಭಾನುವಾರ: ಗೇಮ್ ಯಾಕೆ ಬೀಳುತ್ತಿತ್ತು ಅಂತ ಗೊತ್ತಾಯಿತು

ಪುನರ್ವಸು ಮಳೆ ಬೆಳಗಿನಿಂದ ಬಿಟ್ಟೇ ಇಲ್ಲ. ಕರೆಂಟ್ ಎರಡು ಸಲ ಹೋಗಿ ಬಂತು. ಆದರೂ ಮನಸ್ಸು ಹಗುರವಾಗಿದೆ. ಒಂಬತ್ತು ದಿನದಿಂದ ಹುಡುಕುತ್ತಿದ್ದದ್ದು ಕೊನೆಗೂ ಸಿಕ್ಕಿತು.

ಶಿವಮೊಗ್ಗದಿಂದ ಗೇಮಿಂಗ್ ಲ್ಯಾಪ್‌ಟಾಪ್ ತಂದದ್ದು 4ನೇ ತಾರೀಖು, ಶುಕ್ರವಾರ. ಎರಡು ವರ್ಷ ಕೂಡಿಟ್ಟ ದುಡ್ಡು. ಒಳಗೆ 16 ಜಿಬಿ ರ‍್ಯಾಮ್ ಇತ್ತು, ಜೊತೆಗೆ ಇನ್ನೊಂದು 16 ಜಿಬಿ ಸ್ಟಿಕ್ (ರ‍್ಯಾಮಿನ ಪಟ್ಟಿ) ಅಂಗಡಿಯಲ್ಲೇ ಹಾಕಿಸಿದ್ದೆ. ಮನೆಗೆ ತಂದ ರಾತ್ರಿಯೇ ಗೇಮ್ ಇಪ್ಪತ್ತು ನಿಮಿಷಕ್ಕೆ ತಾನಾಗಿ ಮುಚ್ಚಿಕೊಂಡಿತು. ಒಂದು ಮೆಸೇಜೂ ಇಲ್ಲ. ಮಾರನೇ ದಿನ ವಿಂಡೋಸೇ ನಿಂತು ನೀಲಿ ಪರದೆ. ಆಮೇಲೆ ದಿನಾ ಇದೇ ಕತೆ.

ಮೊದಲು ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಬಂತು. ಸೇಫ್ ಮೋಡ್‌ಗೆ ಹೋಗಿ ಹಳೆಯದನ್ನು ಪೂರ್ತಿ ತೆಗೆದು ಹೊಸದು ಹಾಕಿದೆ. ಆಮೇಲೆ ಬಿಸಿ ಇರಬಹುದು ಅನ್ನಿಸಿತು. ಗೇಮ್ ಆಡುವಾಗ ಪ್ರೊಸೆಸರ್ 95 ಡಿಗ್ರಿ ಮುಟ್ಟುತ್ತಿತ್ತು. ಕೊಟ್ಟಿಗೆಯಲ್ಲಿದ್ದ ಅಡಿಕೆ ದಬ್ಬೆಯ (ಅಡಿಕೆ ಮರದ ಸೀಳಿನ) ಎರಡು ತುಂಡು ಲ್ಯಾಪ್‌ಟಾಪಿನ ಹಿಂಬದಿಗೆ ಕೊಟ್ಟು ಎತ್ತರಿಸಿದೆ. ಕೆಳಗಡೆ ಗಾಳಿಯಾಡಿ ಐದಾರು ಡಿಗ್ರಿ ಇಳಿಯಿತು. ಗೇಮ್ ಬೀಳುವುದು ನಿಲ್ಲಲಿಲ್ಲ. ದಬ್ಬೆ ಮಾತ್ರ ಇನ್ನೂ ಅಲ್ಲೇ ಇದೆ, ಒಳ್ಳೆಯ ಕೆಲಸ ಮಾಡುತ್ತಿದೆ.

ಎರರ್‌ಗಳ ದಾಖಲೆ ಇಡುವ ವಿಂಡೋಸಿನ ಈವೆಂಟ್ ವ್ಯೂವರ್‌ನಲ್ಲಿ ಕೆಂಪು ಗುರುತಿನ ‘ಕರ್ನಲ್ ಪವರ್ 41’ ಕಾಣಿಸಿತು. ಪವರ್ ಅಂತ ಓದಿದ ಗೆಳೆಯ, “ನಿಮ್ಮೂರಿನ ವೋಲ್ಟೇಜ್ ಸರಿ ಇಲ್ಲ ಮಾರಾಯ” ಅಂದ. ನಾನೂ ಎರಡು ದಿನ ಅದನ್ನೇ ನಂಬಿದೆ. ಆದರೆ 41 ಅಂದರೆ ಮಷಿನ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತುಹೋಯಿತು ಅಂತ ಅಷ್ಟೇ. ಯಾಕೆ ನಿಂತಿತು ಅಂತ ಅದು ಹೇಳುವುದಿಲ್ಲ. ಇದನ್ನು ನೋಡಿ ಚಾರ್ಜರ್ ಬದಲಾಯಿಸಲು ಹೊರಟವರು ದಯವಿಟ್ಟು ಸ್ವಲ್ಪ ತಾಳಿ.

ಗುರುವಾರ ಅಪ್ಪಯ್ಯ ಅಂಗಳದಲ್ಲಿ ಅಡಿಕೆಯ ಕೊಳೆ ರೋಗದ ಔಷಧಿ ಕಲಸುತ್ತಿದ್ದರು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕಲಸಿದ ಮೇಲೆ ಉಜ್ಜಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಕತ್ತಿ ಕೆಂಪಾದರೆ ಸುಣ್ಣ ಸಾಲದು ಅಂತ ಅರ್ಥ. ನನ್ನ ಗೋಳು ಕೇಳಿ ಅವರು ಕತ್ತಿ ಒರೆಸುತ್ತಾ, “ಎಲ್ಲಾ ಒಟ್ಟಿಗೇ ಬದ್ಲು ಮಾಡಿದ್ರೆ ಯಾವುದು ಕೆಟ್ಟಿತ್ತು ಅಂತ ಹ್ಯಾಂಗೆ ಗೊತ್ತಾಗ್ತದಾ?” ಅಂದರು. ಹೌದಲ್ವಾ? ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಟೈಮ್ ಸಮೇತ.

ಹಳೆಯ ಎರರ್‌ಗಳನ್ನೂ ಅದರಲ್ಲಿ ಸಾಲಾಗಿ ಬರೆದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಬಿದ್ದ ಫೈಲಿನ ಹೆಸರು ಪ್ರತಿ ಸಲ ಬೇರೆ. ಒಮ್ಮೆ ಗೇಮ್, ಒಮ್ಮೆ ಡ್ರೈವರ್, ಒಮ್ಮೆ ಬ್ರೌಸರ್. ಕೋಡ್ ಮಾತ್ರ ಹೆಚ್ಚಿನ ಸಲ ಅದೇ, ಸಿ0000005. ತನ್ನದಲ್ಲದ ಮೆಮರಿ ಜಾಗಕ್ಕೆ ಪ್ರೋಗ್ರಾಂ ಕೈ ಹಾಕಿದೆ ಅಂತ ಅದರ ಅರ್ಥ. ಒಂದೇ ಗೇಮಿನ ತಪ್ಪಾದರೆ ಬ್ರೌಸರ್ ಯಾಕೆ ಬೀಳಬೇಕು? ಎಲ್ಲವೂ ಓಡುವುದು ರ‍್ಯಾಮಿನ ಮೇಲೆ ತಾನೇ.

ನಿನ್ನೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಹಚ್ಚಿದೆ. ಇದು ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಂ, ವಿಂಡೋಸ್ ಶುರುವಾಗುವ ಮೊದಲೇ ಓಡುತ್ತದೆ. ನಲವತ್ತು ನಿಮಿಷಕ್ಕೆ ಕೆಂಪು ಸಾಲುಗಳು ಬರತೊಡಗಿದವು. ಒಂದೇ ಒಂದು ತಪ್ಪು ಬಂದರೂ ಬಿಡುವ ಹಾಗಿಲ್ಲ, ನನಗೆ ನೂರಕ್ಕೂ ಜಾಸ್ತಿ ಬಂದವು.

ಬಿಚ್ಚಿದರೆ ವಾರಂಟಿಗೆ ತೊಂದರೆ ಇಲ್ಲ ಅಂತ ಅಂಗಡಿಗೆ ಫೋನ್ ಮಾಡಿ ಕೇಳಿಕೊಂಡೆ. ಇವತ್ತು ತಿಂಡಿ ಆದ ಮೇಲೆ ಚಾರ್ಜರ್ ಕಿತ್ತು, ಕೆಳಗಿನ ಹತ್ತು ಸ್ಕ್ರೂ ತೆಗೆದು, ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿದೆ. ಸ್ಟಿಕ್‌ನ ಎರಡೂ ಪಕ್ಕದ ಸಣ್ಣ ಕ್ಲಿಪ್ಪುಗಳನ್ನು ಉಗುರಿನಿಂದ ಅಗಲಿಸಿದರೆ ಅದು ತಾನಾಗಿ ಓರೆಯಾಗಿ ಮೇಲೇಳುತ್ತದೆ. ಹಾಕಿಸಿಕೊಂಡ ಸ್ಟಿಕ್ ತೆಗೆದು ಲ್ಯಾಪ್‌ಟಾಪಿನ ಮೂಲ ಸ್ಟಿಕ್ ಒಂದನ್ನೇ ಬಿಟ್ಟು ಆನ್ ಮಾಡಿದೆ. ಪರದೆ ಎರಡು ನಿಮಿಷ ಕಪ್ಪಾಗಿಯೇ ಇತ್ತು, ಎದೆ ಧಸಕ್ಕೆಂದಿತು. ಡಿಡಿಆರ್5 ಬಗೆಯ ರ‍್ಯಾಮ್ ಬದಲಾದಾಗ ಮಷಿನ್ ಅದನ್ನು ಹೊಂದಿಸಿಕೊಳ್ಳಲು ಮೊದಲ ಸಲ ಹೀಗೆ ಹೊತ್ತು ತಗೊಳ್ಳುತ್ತದೆ. ಆಗ ಪವರ್ ಬಟನ್ ಒತ್ತಿ ಆಫ್ ಮಾಡಬೇಡಿ, ಕಾಯಿರಿ.

ಮೂಲ ಸ್ಟಿಕ್‌ನಲ್ಲಿ ಒಂದೂ ತಪ್ಪಿಲ್ಲ. ಅದನ್ನೇ ಇನ್ನೊಂದು ಸ್ಲಾಟಿಗೆ ಹಾಕಿ ನೋಡಿದೆ, ಅಲ್ಲೂ ಇಲ್ಲ. ಹಾಗಾದರೆ ಸ್ಲಾಟುಗಳು ಎರಡೂ ಚೆನ್ನಾಗಿವೆ. ಹಾಕಿಸಿಕೊಂಡ ಸ್ಟಿಕ್ ಒಂದನ್ನೇ ಹಾಕಿದೆ. ಹನ್ನೆರಡು ನಿಮಿಷಕ್ಕೆ ಕೆಂಪು ಸಾಲು. ಫೋಟೊ ತೆಗೆದಿಟ್ಟುಕೊಂಡೆ.

ಈಗ ರಾತ್ರಿ ಹತ್ತು. 16 ಜಿಬಿಯಲ್ಲೇ ಸಂಜೆಯಿಂದ ಮೂರು ಗಂಟೆ ಆಡಿದೆ, ಒಮ್ಮೆಯೂ ಬೀಳಲಿಲ್ಲ. ಕೆಟ್ಟ ಸ್ಟಿಕ್ ಅದರದೇ ಡಬ್ಬಿಯಲ್ಲಿ, ಬಿಲ್ಲಿನ ಜೊತೆ ಚೀಲಕ್ಕೆ ಹಾಕಿದ್ದೇನೆ. ಮಳೆ ಸ್ವಲ್ಪ ಕಡಿಮೆಯಾದರೆ ನಾಳೆ ಬೆಳಗಿನ ಬಸ್ಸಿಗೆ ಶಿವಮೊಗ್ಗ.